ಗದಿಗೆಮ್ಮ ಹೆಸರು ಹೇಳಿದ್ದು

ಏಳು ಬಂಡೆಗುಡ್ಡಗಳನ್ನು ಒಡೆದು ಸಪಾಟು ಮಾಡಿದ ಜಾಗದಲ್ಲಿ ಒಂದು ರಾಜ್ಯವಿತ್ತಂತೆ. ಅಲ್ಲಿಯ ಮನೆಗಳು ಮುಗಿಲು ಮುಟ್ಟುತ್ತಿದ್ದವು, ಗೋಡೆಗಳೆಲ್ಲ ಗಾಜಿನವು. ಆ ಮನೆಗಳನ್ನು ಕಟ್ಟಿದವರು ಮಾತ್ರ ಅವುಗಳ ನೆರಳಿನಲ್ಲಿ ತಗಡಿನ ಡಬ್ಬಿಯಂಥ ಮನೆಗಳಲ್ಲಿ ಇರುತ್ತಿದ್ದರು. ಅಂಥ ಒಂದು ಡಬ್ಬಿಯಲ್ಲಿ ಒಬ್ಬ ಹೆಂಡತಿ ಇದ್ದಳು. ಅವಳ ನಾಲಿಗೆಯ ಮೇಲೆ ಒಂದು ಹೆಸರಿತ್ತು. ಆ ಹೆಸರು ತೆಗೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ತಾಯಿ ಹೇಳಿದ್ದಳು. ಹೆಸರು ತೆಗೆಯದಿದ್ದರೆ ಗಂಡನನ್ನು ಗಲ್ಲಿಗೆ ಹಾಕುತ್ತೇವೆ ಎಂದು ರಾಜ್ಯದವರು ಹೇಳಿದರು. ಅವಳು ಯಾರ ಮಾತು ಕೇಳಬೇಕು?

ಬರೀ ಕಥೆಯಾಗಿದ್ದರೆ ಈ ಜಾಗದಲ್ಲಿ ಒಂದು ಗಿಳಿ ಹಾರಿ ಬಂದು ಉಪಾಯ ಹೇಳುತ್ತಿತ್ತು. ನಮ್ಮಲ್ಲಿ ಬಂದದ್ದು ನನ್ನ ಆಯಿ, ಅಂದರೆ ಅಪ್ಪನ ತಾಯಿ, ಗುರುಬಾಯಿ. ಅವಳು ಬಂದದ್ದು ಆಟೋದಲ್ಲಿ. ಆಟೋದವನ ಜೊತೆ ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ಜಗಳ ಮಾಡುತ್ತ ಬಂದಳು.

ನಮ್ಮ ಮನೆ ಇರುವುದು ಉಪ್ಪಲ್‌ನಲ್ಲಿ, ಮೆಟ್ರೊ ಡಿಪೋದ ಹಿಂದಿನ ಓಣಿಯಲ್ಲಿ. ಆಯಿ ಸೇಡಂ ಕಡೆಯವಳು, ಇಲ್ಲಿಗೆ ಬಂದು ನಲವತ್ತು ವರ್ಷವಾದರೂ ಕಥೆ ಹೇಳುವಾಗ ಒಂದು ತೆಲುಗು ಶಬ್ದವನ್ನೂ ಒಳಗೆ ಬಿಡುವುದಿಲ್ಲ. ನಾನು ಅವಳ ಮಗ್ಗುಲಲ್ಲಿ ಮಲಗಿ ಬೆಳೆದವಳು. ಈಗಲೂ ಮೆಟ್ರೊ ತಿರುವಿನಲ್ಲಿ ಬಾಗಿ ಬರುವಾಗ ನಿಧಿ ಕಾಯುವ ಏಳು ಹೆಡೆಯ ಸರ್ಪವೇ ಕಾಣುತ್ತದೆ ನನಗೆ. ಹಿಂಗಾಗಿ ಎರಡು ಸಲ ನನ್ನ ಸ್ಟೇಷನ್ ದಾಟಿ ಹೋದದ್ದೂ ಇದೆ.

ಕಾನೂನು ಓದಿ ಮುಗಿಸಿದ ಮೇಲೆ ನನಗೆ ಕೆಲಸ ಕೊಟ್ಟವರು ವಕೀಲ ಮಹೇಶಕುಮಾರ್. ಕಲಬುರಗಿಯವರು. ಅಬಿಡ್ಸ್‌ನಲ್ಲಿ ಹಳೆ ಪುಸ್ತಕದ ಅಂಗಡಿಯೊಂದರ ಮೇಲಿನ ಮಹಡಿ ಅವರ ಕಚೇರಿ. ಕೆಳಗಿನಿಂದ ಪುಸ್ತಕದ ಧೂಳು, ಪಕ್ಕದಿಂದ ಸಮೋಸಾದ ವಾಸನೆ. ನನಗೆ ಕನ್ನಡ ಓದಿ ಬರೆಯಲು ಬರುತ್ತದೆ ಎಂಬ ಒಂದೇ ಗುಣಕ್ಕೆ ಅವರು ನನ್ನನ್ನು ತೆಗೆದುಕೊಂಡಿದ್ದರು. ನಮ್ಮ ಕಡೆಯಿಂದ ಬಂದು ಇಲ್ಲಿ ಕಟ್ಟಡದ ಕೆಲಸ ಮಾಡುವವರ ಕೇಸುಗಳು ಅವರಲ್ಲಿ ಬಹಳ. ಅದರಲ್ಲಿ ಒಂದು ಬಂಡೆಪ್ಪನದು.

ಬಂಡೆಪ್ಪನಿಗೆ ಗಲ್ಲು ಶಿಕ್ಷೆಯಾಗಿತ್ತು.

ನಡೆದದ್ದು ಇಷ್ಟು. ಮೂರು ವರ್ಷದ ಹಿಂದೆ ಗಚ್ಚಿಬೌಲಿಯ ಆಚೆ, ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಸೈಟಿನಲ್ಲಿ ಸಾಮಾನು ಕಾಯುವ ಸ್ಟೋರ್‌ಕೀಪರನನ್ನು ರಾತ್ರಿ ಯಾರೋ ಕೊಂದರು. ಗೇಟಿನಲ್ಲಿದ್ದವನು ಕತ್ತಲಲ್ಲಿ ಹಸಿರು ಟವೆಲಿನ ಒಬ್ಬ ಮನುಷ್ಯ ಓಡುವುದನ್ನು ನೋಡಿದೆ ಎಂದ. ಬಂಡೆಪ್ಪನ ಹತ್ತಿರ ಹಸಿರು ಟವೆಲ್ ಇತ್ತು. ಆ ಮುಂಜಾನೆ ನೀರಿನ ನಳದ ವಿಷಯಕ್ಕೆ ಬಂಡೆಪ್ಪ ಆ ಸ್ಟೋರ್‌ಕೀಪರನ ಜೊತೆ ಜಗಳವಾಡಿದ್ದ. ಮುಗಿಯಿತು. ಬೆರಳಿನ ಗುರುತಿಲ್ಲ, ರಕ್ತದ ಕಲೆಯಿಲ್ಲ, ಕಣ್ಣಾರೆ ಕಂಡವರಿಲ್ಲ.

ಬಂಡೆಪ್ಪ ಹೇಳಿದ್ದೇ ಬೇರೆ. ಆ ರಾತ್ರಿ ತಾನು ಸೈಟಿನಲ್ಲೇ ಇರಲಿಲ್ಲ, ಊರಿನ ಇನ್ನೊಂದು ತುದಿಯಲ್ಲಿ, ಉಪ್ಪಲ್‌ನ ತಗಡಿನ ಶೆಡ್ಡಿನಲ್ಲಿ ಹೆಂಡತಿ ಗದಿಗೆಮ್ಮನ ಜೊತೆ ಇದ್ದೆ ಎಂದ. ಆ ದಿನ ಅವಳ ಕುಬುಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ಅದು ಮುಗಿದ ಮೇಲೆ ಅಲ್ಲೇ ಮಲಗಿದೆ ಎಂದ.

ಆಗ ಕೋರ್ಟಿನಲ್ಲಿ ಗದಿಗೆಮ್ಮನನ್ನು ಕರೆದು ಕೇಳಿದರು: ಆ ರಾತ್ರಿ ನಿನ್ನ ಜೊತೆ ಇದ್ದವರು ಯಾರು, ಹೆಸರು ಹೇಳು. ಗದಿಗೆಮ್ಮ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ನೆಲ ನೋಡುತ್ತ ನಿಂತಳು. ಇನ್ನೊಮ್ಮೆ ಕೇಳಿದರು. ನಿಂತೇ ಇದ್ದಳು. ಬಂಡೆಪ್ಪನ ಪರ ಆಗಿದ್ದ ವಕೀಲರಿಗೆ ಬೇರೆ ಕೇಸಿನ ಗಡಿಬಿಡಿ. ಕಾಗದದಲ್ಲಿ ಹೀಗೆ ದಾಖಲಾಯಿತು: ಪದೇಪದೇ ಕೇಳಿದರೂ ಸಾಕ್ಷಿಯು ಹೆಸರು ಹೇಳದೆ ಮೌನವಾಗಿದ್ದಳು. ಹೆಂಡತಿಯೇ ಹೇಳಲಾರಳೆಂದರೆ ಅವನು ಅಲ್ಲಿ ಇರಲೇ ಇಲ್ಲ ಎಂದು ಸರಕಾರಿ ವಕೀಲರು ವಾದಿಸಿದರು. ಆ ವಾದ ನಿಂತಿತು.

ಮಹೇಶಕುಮಾರ್ ಸರ್ ಆ ಕಾಗದ ಓದಿದ ದಿನ ಚಹಾ ತಣ್ಣಗಾಗಲು ಬಿಟ್ಟರು. ಕುಬುಸಕ್ಕೆ ಬಂದಿದ್ದವರಲ್ಲಿ ಇಬ್ಬರನ್ನು ಪುಣೆಯಲ್ಲಿ ಹುಡುಕಿ ತೆಗೆದರು. ಮೇಲಿನ ಕೋರ್ಟಿಗೆ ಅರ್ಜಿ ಹಾಕಿದರು. ಮೇಲಿನ ಕೋರ್ಟು, ಗಲ್ಲಿನ ವಿಷಯವಾದ್ದರಿಂದ, ಆ ಇಬ್ಬರು ಮತ್ತು ಗದಿಗೆಮ್ಮ, ಈ ಮೂವರ ಸಾಕ್ಷಿಯನ್ನೂ ಕೆಳಗಿನ ಕೋರ್ಟಿನಲ್ಲೇ ಹೊಸದಾಗಿ ಬರೆದುಕೊಂಡು ಕಳಿಸಿ ಎಂದಿತು. ಸೋಮವಾರದ ತಾರೀಖು. ಇನ್ನೊಂದು ಅವಕಾಶ ಸಿಗುವುದಿಲ್ಲ.

ಗುರುವಾರ ನಾವು ಜೈಲಿಗೆ ಹೋದೆವು. ಗಲ್ಲಿನ ಕೈದಿ ಎಂದರೆ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಜಾಳಿಗೆಯ ಆಚೆ ಬಂದು ಕೂತವನು ಮೂವತ್ತರ ಒಬ್ಬ ಗಿಲಾವು ಮಾಡುವ ಮೇಸ್ತ್ರಿ. ಗೋಡೆಯ ಸುಣ್ಣ ಎದ್ದಿರುವ ಜಾಗವನ್ನು ನಮಗೆ ತೋರಿಸಿ, "ಇದನ್ನ ಯಾರ ಮಾಡ್ಯಾರೋ ಏನೋ, ನೀರ ಕಡಿಮಿ ಬಿದ್ದೈತಿ," ಎಂದ.

"ಬಂಡೆಪ್ಪ, ನಿನ್ನ ಹೆಂಡತಿ ಸೋಮವಾರ ಹೆಸರ ಹೇಳತಾಳೇನು?" ಸರ್ ಕೇಳಿದರು.

ಬಂಡೆಪ್ಪ ನಕ್ಕ. "ಸಾಹೇಬರ, ಆಕಿ ನನ್ನ ಬಯ್ಯಾಕೂ ಹೆಸರ ತಗೊಂಡಿಲ್ರಿ. 'ಏ, ಕೇಳತೈತೇನ, ಅನ್ನಾ ಹೊತ್ತತೈತಿ' ಅಂತಾಳ. ಒಲಿಗೆ ಅಂದಳೋ ನನಗಂದಳೋ ತಿಳಿಯಂಗಿಲ್ಲ."

"ಒಮ್ಮೆನೂ ಹೇಳಿಲ್ಲೇನು?"

"ಒಮ್ಮೆ ಹೇಳ್ಯಾಳ್ರಿ. ಕುಬುಸದ ದಿನ. ಹೆಣಮಕ್ಕಳು ಸುತ್ತ ಕುಂತು ಬಿಡಲೇ ಇಲ್ಲ. ನಾ ಶೆಡ್ಡಿನ ಹೊರಗ ನಿಂತು ಕೇಳಿದೆ." ಅವನು ಜಾಳಿಗೆಯ ಮೇಲೆ ಬೆರಳಾಡಿಸಿದ. "ಗಲ್ಲ ಆಗಲಿ ಬಿಡಲಿ, ಇನ್ನೊಮ್ಮೆ ಕೇಳಬೇಕು ಅನಸತೈತಿ ನೋಡ್ರಿ ಅಕ್ಕಾರ."

ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು. "ಸೋಮವಾರ ಕೇಳತೀರಿ. ನಾ ಮಾತ ಕೊಡತೀನಿ."

ಹೊರಗೆ ಬಂದ ಮೇಲೆ ಸರ್ ನನ್ನನ್ನು ಒಂದು ಕ್ಷಣ ನೋಡಿದರು. "ಹರ್ಷದಾ, ನೀವೇನು ರಾಣಿಯೇನವಾ, ಮಾತ ಕೊಡಾಕ? ನಾವು ವಕೀಲರು. ಪ್ರಯತ್ನ ಮಾಡತೀವಿ ಅನ್ನಬೇಕು."

"ತಪ್ಪಾತ್ರಿ ಸರ್."

"ಈಗ ಏನ ಮಾಡತೀರಿ?"

ನನಗೆ ಗೊತ್ತಿದ್ದದ್ದು ಒಂದೇ ದಾರಿ. ಶುಕ್ರವಾರ ಸರ್ ಅವರನ್ನು ಮನೆಗೆ ಊಟಕ್ಕೆ ಕರೆದೆ.

ಆಯಿ ಜೋಳದ ರೊಟ್ಟಿ ಬಡಿಯುತ್ತ ಇಡೀ ಕಥೆ ಕೇಳಿದಳು. ಸರ್ ತಾಟಿಗೆ ಎಣ್ಣೆಗಾಯಿ ಬಡಿಸಿ, "ವಕೀಲರ, ನಾ ಒಂದ ಮಾತ ಹೇಳತೀನಿ, ಸಿಟ್ಟಾಗಬ್ಯಾಡ್ರಿ," ಎಂದಳು. "ಕೊಲಿ ಮಾಡಿದವ್ಗ ಗಲ್ಲ ಆಗೂದಾ ಬರೋಬ್ಬರಿ. ನನ್ನ ಕಥಿಯಾಗೂ ಹಂಗ. ಕಳ್ಳ ಸಿಕ್ಕ, ಶೂಲಕ್ಕ ಏರಿಸಿದ್ರು, ಕಥಿ ಕೇಳಿದ ಹುಡುಗಿ ನಿದ್ದಿ ಮಾಡಿದಳು."

"ನಿಮ್ಮ ಕಥಿಯಾಗ ಕಳ್ಳ ಯಾರು ಅಂತ ನಿಮಗ ಮೊದಲಾ ಗೊತ್ತಿರತೈತಲ್ರಿ ಅವ್ವಾರ," ಎಂದರು ಸರ್. "ಕಥಿ ನಿಮ್ಮದಾ. ನನಗ ಇಲ್ಲಿ ಗೊತ್ತಿಲ್ಲ. ಬಂಡೆಪ್ಪ ಮಾಡ್ಯಾನೋ ಇಲ್ಲೋ, ಆಣಿ ಮಾಡಿ ಹೇಳು ಅಂದ್ರ ನಾನೂ ಹೇಳಲಾರೆ. ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಮ್ಯಾಲ ಹಗ್ಗಾ ಯಾಕ?"

"ಗೊತ್ತಿಲ್ಲಾ ಅಂತ ಎಲ್ಲಾರನೂ ಬಿಟ್ಟ ಬಿಡೂದೇನು ಹಂಗಾರ?"

"ಬಿಡ್ರಿ ಅಂತ ಎಲ್ಲಿ ಅಂದೆ? ಒಳಗ ಇಡಲಿ, ಹುಡುಕಲಿ, ಮತ್ತ ಕೇಳಲಿ. ಜೈಲಿಗೆ ಬಾಗಲಾ ಇರತೈತಿ, ನಾಳೆ ತೆಗೀಬಹುದು. ಇನ್ನೊಂದಕ್ಕ ಬಾಗಲಾ ಇಲ್ಲ."

ಆಯಿ ಹಂಚಿನ ಮೇಲಿನ ರೊಟ್ಟಿಗೆ ನೀರು ಹಚ್ಚಿದಳು, ತಿರುವಿದಳು, ಅದು ಉಬ್ಬಿತು, ಇಳಿಯಿತು. ನಾನು ಇನ್ನೊಂದು ರೊಟ್ಟಿಗೆ ಕೈ ಚಾಚಿದೆ.

"ಹರ್ಷಿ ಹುಟ್ಟೂದಕ್ಕಿಂತ ಮೊದಲಿನ ಮಾತು," ಎಂದಳು ಆಮೇಲೆ. "ನನ್ನ ಬೆಂಡವಾಲಿ ಕಳದಿತ್ತು. ಕಿವಿಯಾಗಿನ ಒಂದ ಬೆಂಡವಾಲಿ. ಭಾಂಡೆ ತಿಕ್ಕಾಕ ಸಾಬಮ್ಮ ಅಂತ ಒಬ್ಬಾಕಿ ಬರತಿದ್ದಳು. ಆಕೀನಾ ತಗೊಂಡಾಳ ಅಂದೆ. ಓಣಿ ಎಲ್ಲಾ ಕೇಳೂಹಂಗ ಅಂದೆ. ಪಕ್ಕದ ಮನಿಯಾಕಿ, ಹೌದು, ಆಕಿ ಸೆರಗಿನ್ಯಾಗ ಏನೋ ಮಿಂಚತಿತ್ತು, ನಾ ನೋಡೀನಿ ಅಂದಳು. ಮೂರು ತಿಂಗಳ ಆದ ಮ್ಯಾಲ ಜ್ವಾಳದ ಹಿಟ್ಟಿನ ಡಬ್ಬಿ ತಳದಾಗ ಸಿಕ್ಕತು."

"ಆಮ್ಯಾಲ ಏನ ಮಾಡಿದ್ರಿ?"

"ಸೀರಿ ತಗೊಂಡು ಹೋದೆ. ಕೈ ಮುಗದೆ. ಹತ್ತ ಮಂದಿ ಮುಂದ ತಪ್ಪಾತು ಅಂದೆ. ಭಾಳ ಬೈದಳು ನನಗ. ನಿಮ್ಮ ಹಿಟ್ಟಿನಾಗ ಇನ್ನೂ ಏನೇನ ಬಂಗಾರ ಐತೋ ಜರಡಿ ಹಿಡೀರಿ ಅಂದಳು. ಆಮ್ಯಾಲ ಸೀರಿ ಇಸಕೊಂಡಳು." ಆಯಿ ಕೈಯ ಹಿಟ್ಟು ಝಾಡಿಸಿದಳು. "ಆಕಿ ಇದ್ದಳು, ಬೈದಳು, ಇಸಕೊಂಡಳು. ಇಲ್ಲದಿದ್ರ ಆ ಸೀರಿ ಯಾರಿಗೆ ಕೊಡತಿದ್ದೆ?"

ಸರ್ ತಲೆ ಅಲ್ಲಾಡಿಸಿದರು. ಹೈಕೋರ್ಟಿನ ವಕೀಲರು ಇಂಗ್ಲಿಷಿನಲ್ಲಿ ಇಪ್ಪತ್ತು ಪುಟ ಬರೆಯುವುದನ್ನು ಈಯಮ್ಮ ಒಂದು ರೊಟ್ಟಿ ಬೇಯುವಷ್ಟರಲ್ಲಿ ಹೇಳಿದಳು ಎಂದು ಮರುದಿನ ನನ್ನೆದುರು ಅಂದರು. ಆ ಹೊತ್ತಿಗೆ ಮಾತ್ರ ಅಂದದ್ದು, "ಇನ್ನೊಂದ ರೊಟ್ಟಿ ಹಾಕ್ರಿ."

"ಹಾಕತೀನಿ. ಆ ಹುಡುಗಿ ಎಲ್ಲಿರತಾಳ?" ಎಂದಳು ಆಯಿ.

"ಇಲ್ಲೇ ಉಪ್ಪಲ್ ಸ್ಟೇಡಿಯಂ ಹಿಂದ. ಆದ್ರ ಒಂದ ಮಾತ ನೆನಪಿಡ್ರಿ. ಏನ ಹೇಳಬೇಕು ಅಂತ ನೀವು ಕಲಸೂಹಂಗಿಲ್ಲ. ಅದು ತಪ್ಪು. ನೋಡಿದ್ದು, ನಡದದ್ದು, ಆಕೀನಾ ಹೇಳಬೇಕು."

"ನಾ ಸಾಕ್ಷಿ ಯಾಕ ಕಲಸಲಿ? ಬಾಯಿ ತೆಗಿಯೂದು ಕಲಸತೀನಿ."

ಶನಿವಾರ ಸಂಜೆ ನಾವು ಮೂವರೂ ಗದಿಗೆಮ್ಮನ ಶೆಡ್ಡಿಗೆ ಹೋದೆವು. ಆಗಲೇ ಆಟೋದವನ ಜೊತೆ ಜಗಳವಾದದ್ದು. ಶೆಡ್ಡುಗಳ ಸಾಲಿನ ಮುಂದೆ ಹೆಂಗಸರು ಕೆಲಸ ಮುಗಿಸಿ ಬಂದು ಕೈಕಾಲಿಗೆ ಹತ್ತಿದ ಸಿಮೆಂಟು ತಿಕ್ಕಿ ತೊಳೆಯುತ್ತಿದ್ದರು. ಗದಿಗೆಮ್ಮ ತೆಳ್ಳಗಿನ ಹೆಂಗಸು. ಕುಬುಸದ ಹೊತ್ತಿಗೆ ಹೊಟ್ಟೆಯಲ್ಲಿದ್ದ ಮಗಳು ಪಿಂಕಿ ಈಗ ಓಡಾಡುವಷ್ಟಾಗಿ, ಬಾಗಿಲಲ್ಲಿ ನಿಂತು ನಮ್ಮ ಚಪ್ಪಲಿಗಳನ್ನು ಒಂದೊಂದಾಗಿ ಒಳಗೆ ಸಾಗಿಸತೊಡಗಿದಳು.

ಆಯಿ ಚಾಪೆಯ ಮೇಲೆ ಕಾಲು ಚಾಚಿ ಕೂತು ನೇರ ಮಾತಿಗೇ ಬಂದಳು. "ತಂಗಿ, ನಿನ್ನ ಗಂಡನ ಹೆಸರೇನ?"

ಗದಿಗೆಮ್ಮ ಸೆರಗು ಬಾಯಿಗೆ ಹಿಡಿದಳು.

"ಆಧಾರ್ ಕಾರ್ಡಿನ್ಯಾಗ ಐತ್ರಿ," ಎಂದು ಎದ್ದು ಹೋಗಿ ಟ್ರಂಕಿನಿಂದ ಕಾರ್ಡು ತಂದುಕೊಟ್ಟಳು. ಸರ್ ಮೆಲ್ಲಗೆ ನಕ್ಕರು.

"ಇದನ್ನ ಸೋಮವಾರ ತೋರಿಸಿದ್ರ ಆಗಾಂಗಿಲ್ಲವಾ," ಎಂದರು. "ಬೆರಳ ತೋರಿಸಿ 'ಅವರು' ಅಂದ್ರೂ ಸಾಕಾಗಾಂಗಿಲ್ಲ. ಅವತ್ತು ಈ ಶೆಡ್ಡಿನಾಗ ಎಷ್ಟು ಮಂದಿ ಇದ್ರು?"

"ಐದು ಮನಿಯವರು ಇದ್ವಿರಿ. ಅವರೂ ಅವರ ಅಣ್ಣಾರೂ ಹೊರಗ ಉಂಡ್ರು. ಆಮ್ಯಾಲ ಅವರು ಹೋದ್ರು, ಇವರು ಇಲ್ಲೇ ಮಕ್ಕೊಂಡ್ರು. ಮುಂಜಾನಿ ಅವರು ಬಂದು ಕರದ್ರು, ಇವರು ಎದ್ದು ಹೋದ್ರು."

ನಾನು ಬರೆದುಕೊಳ್ಳಲು ಪೆನ್ನು ತೆಗೆದವಳು ಹಾಗೇ ಇಟ್ಟೆ.

"ಕೇಳಿದ್ರೇನು," ಎಂದರು ಸರ್. "ಇದನ್ನ ಬರಕೊಂಡ್ರ ಆ ರಾತ್ರಿ ಯಾರ ಉಂಡ್ರು, ಯಾರ ಹೋದ್ರು, ಯಾರ ಮಕ್ಕೊಂಡ್ರು, ದೇವರಿಗೂ ತಿಳಿಯಂಗಿಲ್ಲ. ಒಮ್ಮೆ ಹೆಸರ ಬರಬೇಕು. ಹೆಸರ ಹೇಳಿದ್ರ ಆಯುಷ್ಯ ಕಡಿಮಿ ಆಗತೈತಿ ಅನ್ನೂದು ಬರೀ ಮೂಢ..."

"ವಕೀಲರ, ನೀವು ಚಹಾ ಕುಡೀರಿ," ಎಂದು ಆಯಿ ಅವರ ಮಾತನ್ನು ಅಲ್ಲೇ ನಿಲ್ಲಿಸಿದಳು. ಚಹಾ ಇನ್ನೂ ಬಂದಿರಲಿಲ್ಲ.

"ನಮ್ಮವ್ವ ಹೇಳ್ಯಾಳ ಆಯಿ," ಎಂದಳು ಗದಿಗೆಮ್ಮ. "ಒಮ್ಮೆ ತಗೊಂಡ್ರ ಒಂದ ವರ್ಷ ಹೋಗತೈತಿ ಅಂತ. ಅವತ್ತ ಕೋರ್ಟಿನ್ಯಾಗ ನಾಕ ಸಲ ಕೇಳಿದ್ರು. ನಾಕ ವರ್ಷ ನಾ ಎಲ್ಲಿಂದ ತರಲಿ? ಉಳಸಬೇಕು ಅಂತ ಸುಮ್ಮನ ನಿಂತೆ. ಅದಾ ಮುಳುವಾತು ಅಂತ ಆಮ್ಯಾಲ ಹೇಳಿದ್ರು."

ಅಳಬಹುದು ಎಂದುಕೊಂಡೆ. ಅವಳು ಅಳಲಿಲ್ಲ. ಅಳುವುದನ್ನು ಎಂದೋ ಮುಗಿಸಿದ ಮುಖ ಅದು. ಪಿಂಕಿ ಬಂದು ನನ್ನ ಎಡಗಾಲಿನ ಚಪ್ಪಲಿಯನ್ನು ಅವಳ ತೊಡೆಯ ಮೇಲಿಟ್ಟಳು.

ಆಯಿ ಸ್ವಲ್ಪ ಮುಂದಕ್ಕೆ ಸರಿದು ಕೂತಳು. "ನಾನೂ ನಮ್ಮವರು ಇರೂತನಕ ಬರೀ ಹೆಸರ ತಗೊಂಡಿಲ್ಲ ನೋಡು. ಅವರು ಹೋದ ಮ್ಯಾಲ ರೇಷನ್ ಕಾರ್ಡಿನ ಕಚೇರಿಯಾಗ ಕೇಳಿದ್ರು. ಅಮರಯ್ಯ ಅಂದೆ. ಹಂಗಾ ಅಂದೆ, ಸರಳ. ಏನೂ ಆಗಲಿಲ್ಲ. ಆಗಾಕ ಏನ ಉಳದಿತ್ತು? ಮನಿಗೆ ಬಂದು ಅಡಿಗಿ ಮನಿಯಾಗ ನಿಂತು ಇನ್ನೂ ನಾಕ ಸಲ ಅಂದೆ. ತಡಿಯವರು ಯಾರೂ ಇಲ್ಲ. ಬೇಕಾದಷ್ಟ ಅನಬಹುದು. ಓ ಅನ್ನವರು ಇರೂದಿಲ್ಲ ಅಷ್ಟ." ಗದಿಗೆಮ್ಮನ ಕೈ ಹಿಡಿದುಕೊಂಡಳು. "ನಿನ್ನವ ಇನ್ನೂ ಓ ಅಂತಾನ."

ಈ ಮಾತನ್ನು ಆಯಿ ನನಗೆ ಯಾವತ್ತೂ ಹೇಳಿರಲಿಲ್ಲ. ನಾನು ತಗಡಿನ ಗೋಡೆಯ ತೂತಿನಿಂದ ಬರುತ್ತಿದ್ದ ಬಿಸಿಲ ಕಾಸುಗಳನ್ನು ನೋಡುತ್ತ ಕೂತೆ.

"ಅಲ್ಲಾ, ಕುಬುಸದ ದಿನ ಹೆಂಗ ಹೇಳಿದ್ದಿ ಮತ್ತ?" ಆಯಿ ಥಟ್ಟನೆ ಕೇಳಿದಳು.

"ಅದು ಬ್ಯಾರೆ ಆಯಿ. ಒಡಪಾ ಕಟ್ಟಿ ಹೇಳಿದೆ. ಒಡಪಿನಾಗ ಹೇಳಿದ್ರ ದೋಷ ಇಲ್ಲ, ಆಯುಷ್ಯ ಹೆಚ್ಚ ಆಗತೈತಿ ಅಂತಾರ."

ಮದುವೆ, ಕುಬುಸಗಳಲ್ಲಿ ನಮ್ಮ ಹೆಂಗಸರು ಎರಡು ಸಾಲಿನ ಪದ ಕಟ್ಟಿ, ಅದರ ಮಡಿಲಲ್ಲಿ ಗಂಡನ ಹೆಸರನ್ನು ಇಟ್ಟು ಹೇಳುವುದೇ ಒಡಪು. ಆಯಿ ಇದನ್ನೇ ಕಾಯುತ್ತಿದ್ದಳು ಎಂದು ನನಗೆ ಆಗ ತಿಳಿಯಿತು. ಅವಳ ಕಣ್ಣು ಕಥೆಯಲ್ಲಿ ರಾಕ್ಷಸನ ಜೀವ ಯಾವ ಗೂಡಿನಲ್ಲಿದೆ ಎಂದು ಹೇಳುವ ಹೊತ್ತಿನಂತೆ ಹೊಳೆಯಿತು.

"ಹಂಗಾರ ಸೋಮವಾರ ಒಡಪಾ ಹೇಳು."

ಹೊರಗೆ ನಿಂತು ಕೇಳುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಗದಿಗೆಮ್ಮನಿಗೂ ನಗು ಬಂತು. "ಕೋರ್ಟಿನ್ಯಾಗ ಒಡಪಾ ಯಾರ ಹೇಳತಾರ ಆಯಿ? ಅದಕ್ಕ ಕಾರ್ಯ ಇರಬೇಕು. ಮುತ್ತೈದೇರು ಸುತ್ತ ನಿಂತು ಹೆಸರ ಹೇಳಂತ ಕಾಡಬೇಕು."

"ಜಡ್ಜ್ ಯಾರಿದ್ದಾರ ಈಗ, ಗಂಡಸೋ ಹೆಂಗಸೋ?" ಆಯಿ ಸರ್ ಕಡೆ ತಿರುಗಿದಳು.

"ಹೆಂಗಸು ಬಂದಾರ್ರಿ, ಹೊಸಬರು."

"ಲಗ್ನ ಆಗೈತೇನು?"

"ಅದನ್ನ ನಾ ಹೆಂಗ ಕೇಳಲ್ರಿ ಅವ್ವಾರ?"

"ಆಗಿರತೈತಿ. ನೋಡ ತಂಗಿ, ಅಷ್ಟ ದೊಡ್ಡ ಮುತ್ತೈದಿ, ಅಷ್ಟ ಎತ್ತರ ಕುರ್ಚಿ ಮ್ಯಾಲ ಕುಂತು, ಹೆಸರ ಹೇಳು ಅಂತ ಕೇಳತಾಳ. ಯಾವ ಕುಬುಸದಾಗ ಇಷ್ಟ ಮರ್ಯಾದಿ ಸಿಕ್ಕೀತು?"

ಆಮೇಲೆ ಆ ಶೆಡ್ಡಿನಲ್ಲಿ ಮುಕ್ಕಾಲು ಗಂಟೆ ಕೋರ್ಟಿನ ಮಾತೇ ಬರಲಿಲ್ಲ. ಹೊರಗಿನ ಹೆಂಗಸರು ಒಳಗೆ ಬಂದರು. ಚಹಾ ಬಂತು. ಒಬ್ಬೊಬ್ಬರೂ ತಮ್ಮ ಒಡಪು ಹೇಳಿದರು. ಎಲ್ಲರಿಗಿಂತ ಮೊದಲು ಹೇಳಿದವಳು ಆಯಿ.

"ಹತ್ತಿ ಹೊಲದಾಗ ಹಾಸೀನಿ ಕರಿ ಕಂಬಳಿ,
ಅಮರಯ್ಯ ಸಿಟ್ಟ ಮಾಡಿದ್ರ ಉಣ್ಣಾಕ ಬರೀ ಅಂಬಲಿ."

ಹೆಂಗಸರು ನಕ್ಕ ಸದ್ದಿಗೆ ತಗಡು ಝಣ ಎಂದಿತು. ಸರ್ ಬಾಗಿಲ ಹೊರಗೆ ಹೋಗಿ ನಿಂತರು, ಫೋನು ಬಂದವರಂತೆ. ಒಳಗಿನಿಂದ ನೋಡಿದರೆ ಅವರ ಭುಜ ಕುಲುಕುತ್ತಿತ್ತು.

"ಈಗ ನಿಂದು," ಎಂದರು ಎಲ್ಲರೂ ಗದಿಗೆಮ್ಮನಿಗೆ.

"ಊಹುಂ. ಇಲ್ಲಿ ಹೇಳಾಂಗಿಲ್ಲ. ಇವತ್ತ ಹೇಳಿದ್ರ ಅದು ಹಳೇದಾಗತೈತಿ." ಅವಳ ಗಲ್ಲ ಕೆಂಪಾಗಿತ್ತು. "ಅಲ್ಲಿ ಬಾಯಿ ಬಂದ್ರ ಹೇಳತೀನಿ. ಬರದಿದ್ರ ನನಗ ಗೊತ್ತಿಲ್ಲ."

ಎಷ್ಟು ಕಾಡಿದರೂ ಅಷ್ಟೇ. ಭಾನುವಾರ ಇಡೀ ದಿನ ನನಗೆ ಊಟ ಸೇರಲಿಲ್ಲ. ಮಾತು ಕೊಟ್ಟವಳು ನಾನು. ಕಥೆಗಳಲ್ಲಿ ಮಾತು ಕೊಟ್ಟವರಿಗೆ ಏನೇನು ಕಷ್ಟ ಬರುತ್ತದೆ ಎಂಬುದು ನನಗೆ ಬಾಯಿಪಾಠ. ಅವರಲ್ಲಿ ಯಾರಿಗೂ ಗಲ್ಲಿನ ಕೇಸಿನ ತಾರೀಖಿನ ಲೆಕ್ಕ ಹಿಡಿದು ಕೂರುವ ಕಷ್ಟ ಬಂದಿರಲಿಲ್ಲ. "ನಿನ್ನ ಮುಖ ನೋಡಿದ್ರ ನಿನಗಾ ಗಲ್ಲ ಆಗೈತಿ ಅನಸತೈತಿ," ಎಂದು ಆಯಿ ನನ್ನ ಪಾಲಿನ ಹೋಳಿಗೆಯನ್ನೂ ತಾನೇ ತಿಂದಳು.

ಸೋಮವಾರ. ಶಹರದ ಅಂಚಿನ ಕೋರ್ಟು, ಎರಡನೇ ಮಹಡಿ. ಹಿಂದಿನ ಸಲ ಬರೀ ನೆಲ ನೋಡಿ ನಿಂತು, ಸಿಂಹಾಸನದಂಥದ್ದನ್ನು ಕಲ್ಪಿಸಿಕೊಂಡಿದ್ದ ಗದಿಗೆಮ್ಮನಿಗೆ ಕುರ್ಚಿಯ ಹಿಂದೆ ನೇತು ಹಾಕಿದ್ದ ಟರ್ಕಿ ಟವೆಲ್ ನೋಡಿ ಸ್ವಲ್ಪ ಧೈರ್ಯ ಬಂತು. ಅವಳು ಹಸಿರು ಸೀರೆ ಉಟ್ಟು ಬಂದಿದ್ದಳು. ಆಯಿ ಹಿಂದಿನ ಬೆಂಚಿನಲ್ಲಿ ಪಿಂಕಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುಳಿತಳು. ಬಂಡೆಪ್ಪನನ್ನು ಇಬ್ಬರು ಪೊಲೀಸರು ಕರೆತಂದು ಕಟಕಟೆಯಲ್ಲಿ ನಿಲ್ಲಿಸಿದರು. ಪಿಂಕಿ ಅವನನ್ನು ಗುರುತಿಸಲಿಲ್ಲ, ಆದರೆ ಕೈ ಬೀಸಿದಳು. ಪೊಲೀಸರಲ್ಲೊಬ್ಬ ತಿರುಗಿ ಬೀಸಿದ.

ಪುಣೆಯಿಂದ ಬಂದ ಇಬ್ಬರ ಸಾಕ್ಷಿ ಮೊದಲು ಆಯಿತು. ಆಮೇಲೆ ಗದಿಗೆಮ್ಮನನ್ನು ಕರೆದರು. ಕನ್ನಡದಿಂದ ತೆಲುಗಿಗೆ ಹೇಳಲು ಒಬ್ಬ ನಿವೃತ್ತ ಕನ್ನಡ ಮಾಸ್ತರರನ್ನು ಕೋರ್ಟು ಕರೆಸಿತ್ತು.

ಸರ್ ಎದ್ದು ನಿಂತು, ಗಂಡನ ಹೆಸರನ್ನು ಬರಿದೇ ಹೇಳದಿರುವುದು ಈ ಹೆಂಗಸಿನ ಕಡೆಯ ಪದ್ಧತಿ, ಹಿಂದಿನ ಸಲದ ಮೌನ ಅದರಿಂದಲೇ, ಆಕೆ ತನ್ನ ಪದ್ಧತಿಯಲ್ಲೇ ಉತ್ತರಿಸಲು ಅವಕಾಶ ಬೇಕು ಎಂದರು. ಸರಕಾರಿ ವಕೀಲರು, ಪದ್ಯ ಸಾಕ್ಷಿಯಾಗುವುದಿಲ್ಲ ಎಂದರು.

ಜಡ್ಜ್ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ನಲವತ್ತೈದರ ಹೆಂಗಸು, ಮುಂಗೈಯಲ್ಲಿ ಎರಡು ಗಾಜಿನ ಬಳೆ. ತೆಲುಗಿನಲ್ಲಿ ನಿಧಾನವಾಗಿ ಹೇಳಿದರು. ನಮ್ಮ ಅಮ್ಮನೂ ನಮ್ಮಪ್ಪನ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. ಉತ್ತರ ಯಾವ ರೂಪದಲ್ಲಿದೆ ಎನ್ನುವುದಕ್ಕಿಂತ ಉತ್ತರ ಏನು ಎಂಬುದು ಈ ಕೋರ್ಟಿಗೆ ಮುಖ್ಯ. ಒಬ್ಬ ಮನುಷ್ಯನ ಜೀವದ ಪ್ರಶ್ನೆ ಇದೆ. ಆಮೇಲೆ ಅವರು ಗದಿಗೆಮ್ಮನ ಕಡೆ ಬಾಗಿದರು.

"ಚೆಪ್ಪಮ್ಮಾ. ಆ ರಾತ್ರಿ ನೀತೋ ಎವರುನ್ನಾರು? ಪೇರು ಚೆಪ್ಪು."

"ಆ ರಾತ್ರಿ ನಿನ್ನ ಜೊತೆ ಯಾರಿದ್ರವ್ವಾ, ಹೆಸರ ಹೇಳು," ಎಂದರು ಮಾಸ್ತರರು.

ಗದಿಗೆಮ್ಮ ನೆಲ ನೋಡಿದಳು. ಸೆರಗಿನ ತುದಿ ಕೈಗೆ ಬಂತು. ಕೈ ಬಾಯಿಯ ಕಡೆ ಹೊರಟಿತು.

ಮುಂದೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಳೆಗಾಲ ಕಳೆಯುವ ಹೊತ್ತಿಗೆ ಮೇಲಿನ ಕೋರ್ಟು ಗಲ್ಲು ಶಿಕ್ಷೆಯನ್ನು ತೆಗೆದುಹಾಕಿತು. ಇಷ್ಟು ಅನುಮಾನ ಉಳಿದಿರುವಾಗ ಒಂದು ಜೀವ ತೆಗೆಯಲಾಗದು, ಕೇಸನ್ನು ಮೊದಲಿನಿಂದ ನೋಡಿ ಎಂದು ಬರೆಯಿತು. ಈಗ ಅದು ಮೊದಲಿನಿಂದ ನಡೆಯುತ್ತಿದೆ. ಆ ಸ್ಟೋರ್‌ಕೀಪರನನ್ನು ಕೊಂದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ, ಅವನ ಮನೆಯವರಿಗೂ ಅದು ಗೊತ್ತಾಗಬೇಕು. ಬಂಡೆಪ್ಪ ಜಾಮೀನಿನ ಮೇಲೆ ಹೊರಗಿದ್ದು, ಕರೆದಾಗಲೆಲ್ಲ ಹೋಗಿ ಉತ್ತರ ಹೇಳುತ್ತಾನೆ. ಉತ್ತರ ಹೇಳಲು ಅವನು ಇದ್ದಾನೆ. ಆದರೆ ಆ ಸೋಮವಾರ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ಆ ಸೋಮವಾರ ಇದ್ದದ್ದು ಬಾಯಿಯ ಕಡೆ ಹೊರಟ ಒಂದು ಸೆರಗು ಅಷ್ಟೇ.

ಸೆರಗು ಅರ್ಧ ದಾರಿಯಲ್ಲಿ ನಿಂತಿತು. ಗದಿಗೆಮ್ಮ ತಲೆ ಎತ್ತಿ ಜಡ್ಜ್ ಮೇಡಂ ಅವರನ್ನು ನೋಡಿದಳು.

"ಇನ್ನೊಮ್ಮೆ ಕೇಳ್ರಿ," ಎಂದಳು. "ಒಮ್ಮೆ ಕೇಳಿದ ಕೂಡ್ಲೆ ಹೇಳೂಹಂಗಿಲ್ರಿ."

ಮಾಸ್ತರರು ಅದನ್ನು ತೆಲುಗಿಗೆ ಹೇಳಿದರು. ಮೇಡಂ ತುಟಿಯ ಕೊನೆ ಕಚ್ಚಿ ನಗೆ ತಡೆದುಕೊಂಡು, ಇನ್ನೊಮ್ಮೆ ಕೇಳಿದರು. "ಪೇರು ಚೆಪ್ಪಮ್ಮಾ."

ಗದಿಗೆಮ್ಮ ಸೆರಗನ್ನು ಬಿಟ್ಟು ತಲೆಯ ಮೇಲೆ ಸರಿಯಾಗಿ ಹೊದ್ದುಕೊಂಡಳು. ಕಟಕಟೆಯ ಕಡೆ ನೋಡಲಿಲ್ಲ. ಎದುರಿನ ಗೋಡೆಯನ್ನು ನೋಡುತ್ತ, ಕುಬುಸದ ಮನೆಯಲ್ಲಿ ಹೇಳುವ ದನಿಯಲ್ಲೇ, ಸ್ವಲ್ಪ ರಾಗವಾಗಿ ಹೇಳಿದಳು.

"ಕುಬುಸದ ದಿನ ಹೊದ್ದಿದ್ದೆ ಹಸರ ಸೀರಿ ಸೆರಗ,
ಬೆಳಕ ಹರಿಯೂತನಕ ಬಂಡೆಪ್ಪನವರಿದ್ದರು ಮನಿ ಒಳಗ."

ಕಟಕಟೆಯಿಂದ, ಯಾರೂ ಕೇಳದೆ ಇದ್ದರೂ, "ಓ" ಎಂಬ ಸದ್ದು ಬಂತು. ಪೊಲೀಸನು ಬಂಡೆಪ್ಪನ ಭುಜ ಮುಟ್ಟಿ ಸುಮ್ಮನಿರಿಸಿದ.

ಮಾಸ್ತರರು ತೆಲುಗಿಗೆ ಹೇಳಲು ಬಾಯಿ ತೆರೆದು ಮುಚ್ಚಿದರು. ಪ್ರಾಸ ಕೂಡುತ್ತಿಲ್ಲ, ಎರಡು ನಿಮಿಷ ಬೇಕು ಎಂದು ಕೇಳಿಕೊಂಡರು. ಪ್ರಾಸ ಬೇಡ, ಅರ್ಥ ಸಾಕು ಎಂದರು ಮೇಡಂ. ಮಾಸ್ತರರು ಬೇಸರದಿಂದ ಬರೀ ಅರ್ಥ ಹೇಳಿದರು. ಆ ರಾತ್ರಿ ಬೆಳಗಿನವರೆಗೆ ತನ್ನ ಗಂಡ ಬಂಡೆಪ್ಪ ಮನೆಯೊಳಗೆ ಇದ್ದನೆಂದು ಸಾಕ್ಷಿಯು ಹೇಳುತ್ತಾಳೆ.

ಟೈಪಿಸ್ಟು ಹೆಸರಿನ ಅಕ್ಷರ ಸರಿಯಿದೆಯೇ ಎಂದು ಕೇಳಿಕೊಂಡು ಅದನ್ನು ಹೊಡೆದಳು. ಹಾಳೆ ಹೊರಗೆ ಬಂತು. ಗದಿಗೆಮ್ಮ ಅದರ ಕೆಳಗೆ ಎಡಗೈ ಹೆಬ್ಬೆಟ್ಟು ಒತ್ತಿದಳು.